ಬರೆಯದೆ ಉಳಿದ ಹೆಸರು

ಚಂದಾಪುರದಲ್ಲಿ ನಾವು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ, ನೆಂಟರಿಷ್ಟರಿಗೆ ಎಲೆ ಹಾಕಿ ಬಡಿಸುತ್ತಿರುವಾಗ, ನನ್ನ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೆ ಹೋಗುತ್ತಿದ್ದಿತು. ಹೊಸೂರು ರಸ್ತೆಯ ಅಂಗಡಿಗಳಿಗೆ ಬೋರ್ಡು ಬರೆದು ಜೀವಿಸುತ್ತಿದ್ದ ಗೆಳೆಯನೊಬ್ಬನು ನಮ್ಮ ಮನೆಯ ಹೆಸರನ್ನು ತಾನೇ ಬರೆಯುವುದಾಗಿ ಮಾತು ಕೊಟ್ಟಿದ್ದನು. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆಗಳನ್ನೆಳೆದು, "ಗೋಡೆ ಚೆನ್ನಾಗಿ ಆರಲಿ ಅಣ್ಣ, ಆಮೇಲೆ ಬರೆಯೋಣ" ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಕೆಲವು ದಿನಗಳ ಮೇಲೆ ಒಂದು ಮುಂಜಾನೆ ಅವನ ದೇಹವು ರಸ್ತೆಯ ಬದಿಯಲ್ಲಿ ಸಿಕ್ಕಿತು. ವಾಹನ ತಗುಲಿತೋ, ಎದೆ ನಿಂತಿತೋ, ಇನ್ನೇನಾಯಿತೋ, ಇಂದಿಗೂ ತಿಳಿಯದು.

ಅವನ ಮಾತು ಬಂದಾಗ ಪಂಕ್ತಿಯಲ್ಲಿದ್ದವರೆಲ್ಲರೂ ಕೇಳಿದ್ದು ಒಂದೇ: "ಹೇಗೆ ಸತ್ತನಂತೆ?" ಅವನ ಅಕ್ಷರದ ಅಂದವನ್ನು ಯಾರೂ ಎತ್ತಲಿಲ್ಲ. ಅವರನ್ನು ದೂರಲಾರೆ. ನಾನು ಅವನ ನೆನಪಿಗೆಂದು ಕಟ್ಟಿದ ಪದ್ಯದ ಹನ್ನೆರಡು ಸಾಲುಗಳಲ್ಲಿ ಹತ್ತು ಆ ರಾತ್ರಿಯನ್ನು ಕುರಿತವೇ ಆಗಿದ್ದುವು. ಅವನ ಹೆಂಡತಿಯು ಅದನ್ನು ಓದಿ, ಕಾಗದವನ್ನು ಮಡಿಸಿ, "ಇದರಲ್ಲಿ ಅವರು ಎಲ್ಲಿದ್ದಾರೆ ಅಣ್ಣ?" ಎಂದಳು. ನಾನು ನಿರುತ್ತರನಾದೆನು.

ಐರ್ಲೆಂಡಿನ ಕವಿ ಯೇಟ್ಸನು ಚಿತ್ರಕಾರನಾದ ರಾಬರ್ಟ್ ಗ್ರೆಗೊರಿಯನ್ನು ಕುರಿತು 1918ರಲ್ಲಿ ಬರೆದ ಚರಮಗೀತೆಯನ್ನು ನಾನು ನಿಜವಾಗಿ ಓದಿದ್ದು ಆಮೇಲೆಯೇ. ಗ್ರೆಗೊರಿಯು ಅಬೆ ನಾಟಕಶಾಲೆಗೆ ರಂಗಸಜ್ಜಿಕೆಗಳನ್ನು ರಚಿಸಿದವನು. ಯುದ್ಧಕಾಲದಲ್ಲಿ ವಿಮಾನ ಚಾಲಕನಾಗಿ, ಆ ವರ್ಷದ ಜನವರಿ 23ರಂದು ಇಟಲಿಯ ಪಾದುವ ನಗರದ ಬಳಿ ಬಿದ್ದು ಸತ್ತನು. ಆಗ ಅವನಿಗೆ 36 ವರ್ಷ. ಮಿತ್ರಪಕ್ಷದ ಇಟಲಿಯವನೊಬ್ಬನೇ ತಪ್ಪಾಗಿ ಗುಂಡು ಹಾರಿಸಿದನೆಂದು ಕೆಲವರು, ರೋಗನಿರೋಧಕ ಚುಚ್ಚುಮದ್ದಿನ ಪರಿಣಾಮವಾಗಿ ಆಕಾಶದಲ್ಲೇ ಮೂರ್ಛೆಹೋದನೆಂದು ಮತ್ತೆ ಕೆಲವರು ಹೇಳಿದರು.

ಆದರೆ ಆ ಗೀತೆಯಲ್ಲಿ ಈ ಚರ್ಚೆಯ ಸುಳಿವೂ ಇಲ್ಲ; ವಿಮಾನವೆಂಬ ಮಾತೇ ಇಲ್ಲ. ಕವಿಯೂ ಆಗ ನವವಿವಾಹಿತನು, ಹಳೆಯ ಗೋಪುರವೊಂದನ್ನು ಕೊಂಡು ಮನೆ ಮಾಡಿಕೊಳ್ಳುತ್ತಿದ್ದವನು. ಇನ್ನು ತನ್ನೊಡನೆ ಊಟಕ್ಕೆ ಬರಲಾರದ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತಾನೆ. ಕಡೆಗೆ ಗ್ರೆಗೊರಿಗೆ ಬಂದು, ಆ ಕಲ್ಲುನೆಲವನ್ನು ಅವನಂತೆ ಚಿತ್ರಿಸಬಲ್ಲವರಾರು, ಈ ಮನೆಯ ಅಂದಚೆಂದಗಳಲ್ಲಿ ಅವನಂತೆ ಸಲಹೆ ಕೊಡಬಲ್ಲವರಾರು ಎಂದು ಹಂಬಲಿಸುತ್ತಾನೆ. ಅವನ ಕುದುರೆಸವಾರಿಯ ಧೈರ್ಯವನ್ನು ಹೇಳುವ ಪದ್ಯವನ್ನು ಅವನ ಪತ್ನಿಯ ಅಪೇಕ್ಷೆಯ ಮೇರೆಗೆ ಸೇರಿಸಿದನಂತೆ. ಇನ್ನೂ ಹಲವರನ್ನು ಸ್ಮರಿಸಬೇಕೆಂದಿದ್ದವನು ಈ ಒಂದು ಸಾವಿನಿಂದ ಮಾತೇ ಉಡುಗಿ ನಿಲ್ಲಿಸುತ್ತಾನೆ.

ಸಾವಿನ ಗುಟ್ಟು ಬಿಡಿಸುವವರ ಕೆಲಸ ಬೇರೆ; ಅದೂ ಬೇಕಾದದ್ದೇ. ಆದರೆ ಗೆಳೆಯನ ಕೆಲಸ ಅದಲ್ಲವೆಂದು ನನಗೆ ತೋರಿತು. ಮರಣವು ಅವನ ಬಾಳಿನ ಒಂದು ಗಳಿಗೆ ಮಾತ್ರ. ಅದನ್ನೇ ಹಿಡಿದು ಕುಳಿತರೆ ಉಳಿದ ವರ್ಷಗಳನ್ನು ನಾವೇ ಅಳಿಸಿದಂತಾಗುವುದು.

ಮತ್ತೆ ಅವರ ಮನೆಗೆ ಹೋಗಿ, "ಏನು ಬರೆಯಲಿ ತಾಯಿ?" ಎಂದು ಕೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಣಿಯ ಮೇಲೆ ನಿಂತು ಹಾಡಿಕೊಳ್ಳುತ್ತಿದ್ದರು. ಅದನ್ನು ಬರೆಯಿರಿ" ಎಂದಳು. ಹಳೆಯ ಪದ್ಯವನ್ನು ಹರಿದುಹಾಕಿದೆನು; ಹೊಸದು ಈಗ ನಾಲ್ಕೇ ಸಾಲಿನದು.

ಮೊನ್ನೆ ಮನೆಗೆ ಸುಣ್ಣ ಬಳಿಸಿದಾಗ ಆ ಎರಡು ಗೆರೆಗಳಿರುವಷ್ಟು ಜಾಗವನ್ನು ಬಿಡಿಸಿದೆವು. ನೋಡಿದವರು ಇದೇನೆಂದು ಕೇಳುತ್ತಾರೆ. ಅವನು ಹೇಗೆ ಬರೆಯುತ್ತಿದ್ದನೆಂಬುದನ್ನು ಹೇಳಲು ನನಗೆ ಅಷ್ಟು ಸಾಕು.