ಕಲ್ಲು ಸರಿಸಿದವರು

ಫ್ರಾನ್ಸಿಸ್ ಬಾರ್ಕ್ಲಿ ಅಂದರೆ ಒಂದು ಹಡಗು. ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ದ್ವೀಪದ ಪೋರ್ಟ್ ಆಲ್ಬರ್ನಿಯಿಂದ ಅಂಚೆ ಚೀಲ, ಕಿರಾಣಿ ಸಾಮಾನು, ಮನುಷ್ಯರು, ಕಯಾಕ್‌ಗಳು ಎಲ್ಲವನ್ನೂ ಒಟ್ಟಿಗೆ ಹೇರಿಕೊಂಡು ಬಾರ್ಕ್ಲಿ ಕೊಲ್ಲಿಗೆ ಹೋಗುತ್ತದೆ. ಕೊಲ್ಲಿಗೆ ಆ ಹೆಸರಿಟ್ಟವನು 1787ರಲ್ಲಿ ಬಂದ ಇಂಗ್ಲಿಷ್ ಕಪ್ತಾನ. ಇಟ್ಟಿದ್ದು ತನ್ನದೇ ಹೆಸರು. ಹದಿನೇಳಕ್ಕೆ ಮದುವೆಯಾಗಿ ಅವನ ಜೊತೆ ಸಮುದ್ರ ಸುತ್ತಿದ ಹೆಂಡತಿ ಫ್ರಾನ್ಸಿಸ್‌ಗೆ ದಕ್ಕಿದ್ದು ಈ ಪುಟ್ಟ ಹಡಗು. “ಅಷ್ಟಾದ್ರೂ ಸಿಕ್ತಲ್ಲ” ಎಂದಳು ತಂಗಿ.

ನಾನು, ತಂಗಿ, ಅವಳ ಗಂಡ. ಅವನು ಕುಮಟಾ ಕಡೆಯವನು, ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಅಂತ. ಮೂವರೂ ವ್ಯಾಂಕೂವರ್ ನಗರದಲ್ಲಿ ಕೆಲಸಕ್ಕಿರುವವರು. ಹಡಗು ನಮ್ಮನ್ನು ಸೇಚಾರ್ಟ್‌ನಲ್ಲಿ ಇಳಿಸಿತು. ಹಿಂದೆ ತಿಮಿಂಗಿಲ ಕೊಯ್ಯುವ ಕಾರ್ಖಾನೆ ಇದ್ದ ಜಾಗ. ಅಲ್ಲಿಂದ ಮುಂದೆ ಬ್ರೋಕನ್ ಗ್ರೂಪ್ ದ್ವೀಪಗಳು: ದೊಡ್ಡದು ಚಿಕ್ಕದು ಸೇರಿ ನೂರಕ್ಕೂ ಹೆಚ್ಚು. ರಾಷ್ಟ್ರೀಯ ಉದ್ಯಾನದೊಳಗೆ ಬರುವುದರಿಂದ ಟೆಂಟ್ ಹೊಡೆಯಲು ಬಿಡುವುದು ಏಳರಲ್ಲಿ ಮಾತ್ರ. ಕುಡಿಯುವ ನೀರು ಸಿಗುತ್ತದೆಂದು ನಂಬಿ ಹೋಗುವಂತಿಲ್ಲ, ಹೊತ್ತುಕೊಂಡೇ ಹೋಗಬೇಕು. ತೋಳ, ಕರಡಿ ಓಡಾಡುವ ಜಾಗವಾದ್ದರಿಂದ ಟೆಂಟಿನೊಳಗೆ ತಿನ್ನುವ ಸಾಮಾನು ಇಡುವಂತಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ತಂಗಿ ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ್ದಳು. ಆದರೂ ಅದರ ವಾಸನೆ ಕಯಾಕಿನ ಉದ್ದಕ್ಕೂ ಇತ್ತು.

ಭಾವನ ಕೈಯಲ್ಲಿ ಭರತ-ಇಳಿತದ ಪಟ್ಟಿ. ಅಲ್ಲಿಯ ಅಚ್ಚಿನ ಪಟ್ಟಿಯಲ್ಲಿ ಬೇಸಿಗೆಯ ಗಡಿಯಾರದ ಲೆಕ್ಕ ಇರುವುದಿಲ್ಲ, ನಾವೇ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಅವನು ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ತಿದ್ದಿದ. ಕಾರವಾರದಲ್ಲಿ ದೊಡ್ಡ ಭರತಕ್ಕೆ ನೀರು ಎರಡು ಮೀಟರಿನ ಆಸುಪಾಸು ಏರಿಳಿದರೆ, ಇಲ್ಲಿ ಮೂರು ಮೀಟರು ದಾಟುತ್ತದೆ. ಬೆಳಿಗ್ಗೆ ನೋಡಿದ ದಂಡೆ ಮಧ್ಯಾಹ್ನ ಇರುವುದಿಲ್ಲ.

ಜಿಬ್ರಾಲ್ಟರ್, ಆಮೇಲೆ ಗಿಲ್ಬರ್ಟ್ ದ್ವೀಪ. ಅಲ್ಲಿಯವರೆಗೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ, ಬೆನ್ನು ನೋವು ಬಿಟ್ಟರೆ. ಗಿಲ್ಬರ್ಟ್‌ನಿಂದ ಕ್ಲಾರ್ಕ್ ದ್ವೀಪಕ್ಕೆ ಹೋಗಬೇಕಾದರೆ ಕೋಸ್ಟರ್ ಚಾನೆಲ್ ದಾಟಬೇಕು. ಅಲ್ಲಿ ಮರೆಗೆ ಬೇರೆ ದ್ವೀಪಗಳಿಲ್ಲ, ಶಾಂತಸಾಗರದ ಅಲೆ ನೇರ ಒಳಗೆ ನುಗ್ಗುತ್ತದೆ. ಆಗಸ್ಟ್ ತಿಂಗಳು. ಆ ಕರಾವಳಿಯಲ್ಲಿ ಆಗಸ್ಟ್ ಅಂದರೆ ಕಾವಳದ ತಿಂಗಳು: ಬೆಚ್ಚನೆಯ ಗಾಳಿ ತಣ್ಣನೆಯ ನೀರಿನ ಮೇಲೆ ಹಾದುಬಂದು ಹೊಗೆಗಟ್ಟುತ್ತದೆ. ಹೊರಟಾಗ ಆಚೆ ದಡದ ಮರಗಳು ಎಣಿಸುವಷ್ಟು ಚೊಕ್ಕವಾಗಿದ್ದವು. ಅರ್ಧ ದಾರಿಗೆ ಬರುವಷ್ಟರಲ್ಲಿ ದಡವೂ ಇಲ್ಲ, ಮರವೂ ಇಲ್ಲ. ನನ್ನ ಹುಟ್ಟಿನ ತುದಿ ಕಾಣುತ್ತಿತ್ತು, ತಂಗಿಯ ಕೆಂಪು ಕಯಾಕ್ ಮಾಸಲಾಗಿ ಕಾಣುತ್ತಿತ್ತು, ಅಷ್ಟೆ.

ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಬಿದ್ದರೆ ಬೆರಳುಗಳು ಮಾತು ಕೇಳುವುದು ಸ್ವಲ್ಪ ಹೊತ್ತು ಮಾತ್ರ. ಮೂರು ಕಯಾಕುಗಳನ್ನೂ ಮುಟ್ಟುವಷ್ಟು ಹತ್ತಿರ ತಂದೆವು. ಭಾವ ಮಡಿಲಿನ ದಿಕ್ಸೂಚಿ ನೋಡಿದ, ಆಮೇಲೆ ಕಣ್ಣು ಮುಚ್ಚಿ ಕೂತ. “ಭಾವ, ಅಲೆ ಎಡಗಡೆಯಿಂದ ಎತ್ತಬೇಕು. ಸೀಲು ಕೂಗೋದೂ ಆ ಕಡೆಯಿಂದಲೇ ಕೇಳಬೇಕು. ಎರಡೂ ಸರಿ ಇದ್ರೆ ದಾರಿ ಸರಿ.” ಅವನು ಸೀಲು ಎಂದದ್ದು ಕಡಲಸಿಂಹಗಳನ್ನು. ವೌವರ್ ದ್ವೀಪದ ಹೊರಬಂಡೆಗಳ ಮೇಲೆ ರಾಶಿ ಬಿದ್ದಿರುತ್ತವೆ. ಕೂಗು ಒಂದೇ ಅಲ್ಲ, ಗಾಳಿ ತಿರುಗಿದಾಗ ಕೊಳೆತ ಮೀನಿನ ನಾತವೂ ಬರುತ್ತದೆ. ಆ ದಿನ ಆ ನಾತದಷ್ಟು ಹಿತವಾದ ವಾಸನೆ ನಾನು ಮೂಸಿದ್ದಿಲ್ಲ.

ಹೀಗೆ ತಡಕುತ್ತ ತಡಕುತ್ತ ಹೋದೆವು. ಮೊದಲು ಕೇಳಿಸಿದ್ದು ಬಂಡೆಗೆ ನೀರು ಹೊಡೆಯುವ ಸದ್ದು, ಆಮೇಲೆ ಕಂದು ಕೆಲ್ಪ್ ಬಳ್ಳಿಗಳು ಹುಟ್ಟಿಗೆ ಸುತ್ತಿಕೊಂಡವು. ಆ ಬಳ್ಳಿ ಬೇರೂರುವುದು ಬಂಡೆಯ ಮೇಲೆ, ಅಂದರೆ ದಡ ಹತ್ತಿರ. ಆದರೆ ಪೂರ್ತಿ ಇಳಿತದ ಹೊತ್ತು. ಎದುರಿಗೆ ಕುಂಬಳಕಾಯಿ ಗಾತ್ರದ ಕಲ್ಲುಗಳು, ಮೈತುಂಬ ಬಾರ್ನಕಲ್‌ಗಳ ಚೂಪು ಚಿಪ್ಪು. ಫೈಬರ್ ಕಯಾಕಿನ ತಳವನ್ನು ಸೀಳಿ ಹಾಕಲು ಒಂದು ಅಲೆ ಸಾಕು. ದಂಡೆಯುದ್ದಕ್ಕೂ ಮೆಲ್ಲಗೆ ಹೋಗುತ್ತಿರುವಾಗ ತಂಗಿ ಕೂಗಿದಳು: “ಅಣ್ಣಾ, ಇಲ್ಲೊಂದು ಓಣಿ ಇದೆ!”

ಓಣಿಯೇ. ಒಂದು ದೋಣಿ ಹಿಡಿಯುವಷ್ಟು ಅಗಲ, ನೀರಿನಿಂದ ಮೇಲಿನ ಹುಲ್ಲಿನವರೆಗೆ ನೆಟ್ಟಗೆ. ತಳದಲ್ಲಿ ಬರೀ ನುಣ್ಣನೆಯ ಜಲ್ಲಿ. ಎರಡೂ ಬದಿಗೆ ದೊಡ್ಡ ಕಲ್ಲುಗಳು ಸಾಲಾಗಿ ಕೂತಿದ್ದವು. ಒಬ್ಬರ ಹಿಂದೆ ಒಬ್ಬರು ಒಳಗೆ ಹೋದೆವು, ತಳಕ್ಕೆ ಒಂದು ಗೀರೂ ಬೀಳಲಿಲ್ಲ. ಸಮುದ್ರ ಏನೆಲ್ಲ ಮಾಡುತ್ತದೆ ನೋಡು ಎಂದೆ. ಭಾವ ತಲೆಯಾಡಿಸಿದ: “ಸಮುದ್ರಕ್ಕೆ ಸಾಲು ಜೋಡಿಸೋದು ಬರೂದಿಲ್ಲ ಭಾವ.”

ಇಳಿದದ್ದು ಕ್ಲಾರ್ಕ್‌ನಲ್ಲಿ ಅಲ್ಲ ಅನ್ನುವುದು ಕಾವಳ ತಿಳಿಯಾದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಲ್ಯೂಮಿನಿಯಂ ದೋಣಿಯೊಂದು ಬಂತು. ಅದರಲ್ಲಿದ್ದವರು ಶಿಶಾಟ್ ಜನಾಂಗದ ‘ಬೀಚ್ ಕೀಪರ್’ಗಳು. ಈ ದ್ವೀಪಗಳು ಅವರ ಹಿರೀಕರ ನೆಲ. ಉದ್ಯಾನ ಇಲಾಖೆಯ ಜೊತೆ ಸೇರಿ ಅವರೇ ಕಾವಲು ಕಾಯುತ್ತಾರೆ. ಇಲ್ಲಿ ರಾತ್ರಿ ಉಳಿಯುವ ಹಾಗಿಲ್ಲ ಎಂದು ಹೇಳಿದ ನಡುವಯಸ್ಸಿನ ಹೆಂಗಸು, ಇಳಿದದ್ದು ಎಲ್ಲಿ ಎಂದು ಕೇಳಿದರು. ಓಣಿ ತೋರಿಸಿದೆವು. ಅವರು ನಕ್ಕರು. ಅದು ದೇವದಾರು ಮರ ಕೊರೆದು ಮಾಡಿದ ದೋಣಿಗಳನ್ನು ದಡಕ್ಕೆ ಎಳೆಯಲು ಅವರ ಹಿರೀಕರು ಕಲ್ಲು ಸರಿಸಿ ಮಾಡಿಟ್ಟ ದಾರಿ. ಕಡಲಿಗೆ ಹೋದವರು ಇಳಿತದ ಹೊತ್ತಿಗೂ ಮನೆ ಮುಟ್ಟಬೇಕಲ್ಲ.

ಆ ದ್ವೀಪದ ಹೆಸರು ನಾನು ಹೇಳುವುದಿಲ್ಲ. ಇಂಥ ಜಾಗ ಹುಡುಕಿಕೊಂಡು ಹೋಗಿ ಅಗೆಯುವವರು ಇದ್ದಾರೆ. ಬೆನ್ಸನ್ ದ್ವೀಪದ ವಿಷಯ ಎಲ್ಲರಿಗೂ ತಿಳಿದದ್ದು: ತಮ್ಮ ಜನ ಹುಟ್ಟಿದ್ದೇ ಅಲ್ಲಿ ಎಂದು ಶಿಶಾಟ್ ಜನ ಹೇಳುತ್ತಾರೆ, 1999ರಿಂದ 2001ರವರೆಗೆ ನಡೆದ ಉತ್ಖನನದಲ್ಲಿ ಸುಮಾರು ಐದು ಸಾವಿರ ವರ್ಷಗಳ ವಾಸದ ಕುರುಹು ಸಿಕ್ಕಿದೆ. ಅಲ್ಲೂ ಈಗ ಹಗಲು ನೋಡಿ ಬರಬಹುದು, ಮಲಗುವಂತಿಲ್ಲ. ನಕಾಶೆ ಬಿಡಿಸಿ ನೋಡಿದರೆ ಈ ದ್ವೀಪಗಳಿಗೆ ಬಹುಪಾಲು ಇಂಗ್ಲಿಷ್ ಹೆಸರುಗಳು, ಯಾತ್ರಿಕರ ಬಾಯಲ್ಲಿ ‘ಮನುಷ್ಯ ಮುಟ್ಟದ ಜಾಗ’ ಅನ್ನುವ ಮಾತು. ನನಗಂತೂ ಆ ಮಾತು ಕೇಳಿದರೆ ಈಗ ಸಿಟ್ಟು ಬರುತ್ತದೆ. ಮುಟ್ಟಿದ್ದಕ್ಕೇ ನಾವು ಅವತ್ತು ಇಳಿದೆವು.

ಸಂಜೆಯೊಳಗೆ ಕ್ಲಾರ್ಕ್ ಸೇರಿ ಅವಲಕ್ಕಿ, ಮೊಸರು ಮೆಣಸು ತಿಂದು ಮಲಗಿದೆವು. ಭಾವನಿಗೆ ನಿದ್ದೆ ಹತ್ತಿದ ಹಾಗೆ ಕಾಣಲಿಲ್ಲ. ಮಾರನೆಯ ಬೆಳಗಿನ ಜಾವ, ಇಳಿತದ ಹೊತ್ತಿಗೆ ಸರಿಯಾಗಿ, ಟಾರ್ಚು ಹಿಡಿದು ಬಂದು ಟೆಂಟು ಅಲ್ಲಾಡಿಸಿದ: ಇಲ್ಲೂ ಕಲ್ಲುಗಳು ಎರಡು ಸಾಲಾಗಿ ಇದ್ದ ಹಾಗಿದೆ, ಬಂದು ನೋಡಿ. ತಂಗಿ ಒಳಗಿಂದಲೇ ಹೇಳಿದಳು, ಮುಂದಿನ ಇಳಿತ ಎಷ್ಟು ಗಂಟೆಗೆ ಅಂತ ಪಟ್ಟಿ ನೋಡು, ಆವಾಗ ನೋಡಿದರಾಯಿತು, ಈಗ ಚಹಾ ಇಡು.