ಸ್ವಾಮಿಯ ಊರಲ್ಲೊಂದು ಸಂಜೆ

ಮಾಲ್ಗುಡಿಯನ್ನು ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಆಗುಂಬೆಗೆ ಬಸ್ಸಂತೂ ಸಿಗುತ್ತದೆ! ಆರ್.ಕೆ. ನಾರಾಯಣ್ ಕಲ್ಪಿಸಿದ ಊರನ್ನು ಶಂಕರ್‌ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಕಂಡುಕೊಂಡದ್ದು ಮಲೆನಾಡಿನ ಈ ಪುಟ್ಟ ಊರಿನಲ್ಲೇ.

ಮೊನ್ನೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಸೂರ್ಯಾಸ್ತ ನೋಡೋಣವೆಂದರೆ ಮೋಡ ಪರದೆ ಎಳೆದುಬಿಟ್ಟಿತು. (ಆಗುಂಬೆಯಲ್ಲಿ ಇದು ಸುದ್ದಿಯೇ ಅಲ್ಲ ಬಿಡಿ.) ಹೆಂಚಿನ ಮನೆಗಳ ಬೀದಿಯಲ್ಲಿ ಜಿಟಿಜಿಟಿ ಮಳೆಯಲ್ಲೂ ಹುಡುಗರ ಕ್ರಿಕೆಟ್ ನಡೆದಿತ್ತು. ಬೌಂಡರಿ ಯಾವುದು ಎಂಬ ಜಗಳವೇ ಆಟಕ್ಕಿಂತ ಹೆಚ್ಚು! ಮಗ ನೋಡುತ್ತಾ ನಿಂತುಬಿಟ್ಟ. ಗಣಿತದಲ್ಲಿ 32 ಅಂಕ ಬಂದ ದಿನವೇ ಅವನ ಬ್ಯಾಟು ನಮ್ಮ ಅಟ್ಟ ಸೇರಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕತೆ ನೆನಪಾಯಿತು.

“ಅಪ್ಪಾ, ಸ್ವಾಮಿ ಶಾಲೆಯಿಂದ ಓಡಿಹೋಗಿ ಮ್ಯಾಚೂ ತಪ್ಪಿಸಿಕೊಂಡ್ನಲ್ಲ, ಆಗ ಅವರಪ್ಪ ಏನು ಮಾಡಿದ್ರು?”

“ಹೊಳೆ ದಂಡೆ, ರೈಲು ಹಳಿ ಅಂತ ಹುಡುಕ್ತಾ ಅಲೆದ್ರು ಕಣೋ.”

ಮುಂದೆ ಅವನು ಕೇಳಲಿಲ್ಲ. ನಾನೂ ಮಾತಾಡಲಿಲ್ಲ.

ಮನೆಗೆ ಬಂದವನೇ ಅಟ್ಟ ಹತ್ತಿ ಬ್ಯಾಟಿನ ದೂಳು ಒರೆಸಿದೆ. ಪಕ್ಕದಲ್ಲಿ ಗಣಿತದ ಪುಸ್ತಕವನ್ನೂ ಇಟ್ಟೆ, ಅಪ್ಪನಲ್ಲವೇ!