ವಿಡಿಯೋ ಗೇಮ್‌ಗಳಿಗೆ ವೇಗ ಬಂದದ್ದು

ವಿಡಿಯೋ ಗೇಮ್‌ಗಳಿಗೆ ವೇಗದ ರುಚಿ ಹತ್ತಿಸಿದ್ದರಲ್ಲಿ ಯಂತ್ರದ ದೌರ್ಬಲ್ಯಕ್ಕೂ ಪಾಲಿದೆ. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಪರದೆಯ ತುಂಬ 55 ಅನ್ಯಗ್ರಹ ಜೀವಿಗಳು. ಅಷ್ಟನ್ನೂ ಸರಸರನೆ ಓಡಿಸಲು ಆಗಿನ ಪ್ರೊಸೆಸರ್‌ಗೆ ತ್ರಾಣವಿರಲಿಲ್ಲ. ಗುಂಡೇಟಿಗೆ ಒಂದೊಂದೇ ಉರುಳಿದಂತೆ ಅದರ ಹೊರೆ ತಗ್ಗಿ, ಉಳಿದವು ಚುರುಕಾಗುತ್ತಿದ್ದವು. ಕೊನೆಯದಂತೂ ಗುರಿಗೇ ಸಿಗದಂತೆ ಓಡುತ್ತಿತ್ತು. ನಿಶಿಕಾಡೊ ಅದನ್ನು ತಿದ್ದದೆ ಹಾಗೇ ಉಳಿಸಿಕೊಂಡರು. ಆರ್ಕೇಡ್ ಮಾಲೀಕರಿಗೂ ಬೇಕಿದ್ದದ್ದು ಅದೇ: ಆಟ ಬೇಗ ಮುಗಿದಷ್ಟೂ ಡಬ್ಬಿಗೆ ಇನ್ನೊಂದು ನಾಣ್ಯ.

ಮನೆಯಲ್ಲಿ ಆಡುವ ಆಟಗಳಿಗೆ ಈ ಅವಸರವಿರಲಿಲ್ಲ. 1987ರ ‘ಫೈನಲ್ ಫ್ಯಾಂಟಸಿ’ಯಲ್ಲಿ ಪಟ್ಟಿಯಿಂದ ಹೊಡೆತವನ್ನೋ ಮಂತ್ರವನ್ನೋ ಆರಿಸಿ ಸರದಿಯಂತೆ ಕಾದಾಡಬೇಕಿತ್ತು, ಆಟಗಾರ ಎಷ್ಟು ಹೊತ್ತು ಯೋಚಿಸಿದರೂ ಶತ್ರು ಪಾಪ, ಕಾಯುತ್ತ ನಿಂತಿರುತ್ತಿದ್ದ. 1991ರ ನಾಲ್ಕನೇ ಭಾಗದ ಹೊತ್ತಿಗೆ ಆ ಸೌಜನ್ಯ ಹೋಯಿತು, ಗಡಿಯಾರ ಓಡತೊಡಗಿತು. ಯಂತ್ರಗಳು ಬಲಿತು ಕತ್ತಿಯ ಒಂದೊಂದು ಬೀಸನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸಲು ಸಾಧ್ಯವಾದ ಮೇಲೆ ಪಟ್ಟಿಯ ಹಂಗೇ ಕಡಿಮೆಯಾಯಿತು. 2023ರ ಹದಿನಾರನೇ ಭಾಗ ಪೂರ್ತಿ ಆ್ಯಕ್ಷನ್. ಆದರೂ ಅದೇ ವರ್ಷ ಪ್ರಶಸ್ತಿಗಳನ್ನು ಬಾಚಿಕೊಂಡದ್ದು ಸರದಿಯಂತೆ ಆಡುವ ‘ಬಾಲ್ಡರ್ಸ್ ಗೇಟ್ 3’.